ಗರಗಸಕ್ಕೆ ಶಿಸ್ತು ಕಲಿಸಿದ್ದು

ಮೂವತ್ನಾಲ್ಕು ವರ್ಷ ಅರಸೀಕೆರೆಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನಿಗೆ ನಿವೃತ್ತಿಯ ನಂತರ ಮನೆಯಲ್ಲಿ ಎಷ್ಟು ಗೌರವ ಸಿಗಬೇಕು, ನೀವೇ ಹೇಳಿ. ನನಗೆ ಸಿಕ್ಕಿದ್ದು ಹಿತ್ತಿಲ ನಲ್ಲಿಯ ಪಕ್ಕದ ಮೂರಡಿ ಜಾಗ. ಅದೂ ಬಟ್ಟೆ ಒಗೆಯದ ಹೊತ್ತಿನಲ್ಲಿ ಮಾತ್ರ.

ಆ ಮೂರಡಿಯಲ್ಲೇ ನನ್ನ ಸಂಶೋಧನಾಲಯವನ್ನು ಸ್ಥಾಪಿಸಿದೆ. ಗುಜರಿ ಅಂಗಡಿಯಿಂದ ಮರಗೆಲಸದ ಹಳೇ ಸಾಮಾನು ಹೆಕ್ಕಿ ತರುವುದು, ತುಕ್ಕು ಬಿಡಿಸುವುದು, ಅದು ಏನೆಂದು ಕಂಡುಹಿಡಿಯುವುದು, ಇದೇ ನನ್ನ ಹೊಸ ಹುಚ್ಚು. ತಂದಾಗ ಎಲ್ಲವೂ ಸುಟ್ಟ ಬದನೆಕಾಯಿಯ ಹಾಗೆ ಒಂದೇ ಥರ ಕಾಣುತ್ತವೆ. ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿ ತಿಕ್ಕಿದರೆ ಒಂದು ಉಳಿಯಾಗುತ್ತದೆ, ಇನ್ನೊಂದು ಮರ ನಯಮಾಡುವ ಉಜ್ಜುಗೊರಡಿನ ಅಲಗಾಗುತ್ತದೆ. (ಒಂದು ಸಲ ಮಾತ್ರ, ನಾಲ್ಕು ದಿನ ತಿಕ್ಕಿದ ಮೇಲೆ, ಮೊಪೆಡ್ಡಿನ ಪೆಡಲ್ ಆಯಿತು.)

"ರೀ, ಸಾರಿಗೆ ಇಟ್ಟಿದ್ದ ಹುಣಸೆಹಣ್ಣು ಎಲ್ಲಿ?" ಎಂದು ನನ್ನ ಹೆಂಡತಿ ಯಶೋಧರಾ ಕೇಳುತ್ತಾಳೆ.

"ಅದ್ರಲ್ಲಿ ಉಳಿ ನೆನೀತಾ ಇದೆ."

"ಹಂಗಾದ್ರೆ ಮಧ್ಯಾಹ್ನ ಅನ್ನಕ್ಕೆ ಆ ಉಳೀನೇ ಕಲಸ್ಕೊಳ್ಳಿ."

ಕಳೆದ ತಿಂಗಳು ನನಗೊಂದು ಗರಗಸ ಸಿಕ್ಕಿತು. ಅದರ ಹಿಡಿ ಸವೆದು ಸವೆದು ಯಾರದೋ ಅಂಗೈಯ ಆಕಾರಕ್ಕೆ ಬಂದಿತ್ತು. ತುಕ್ಕು ಬಿಟ್ಟಾಗ ಅಲಗಿನ ಮೇಲೆ ಮಸುಕಾಗಿ ಒಂದು ಕಿರೀಟ, ಕೆಳಗೆ ನಾಲ್ಕು ಇಂಗ್ಲಿಷ್ ಅಕ್ಷರ ಕಂಡವು. ಬೆರಳಿನಿಂದ ತಟ್ಟಿದರೆ ಗುಂಯ್ ಎಂದಿತು. ಬ್ರಿಟಿಷರ ಕಾಲದ ಉಕ್ಕು! ಖುಷಿಗೆ ಆ ದಿನ ನನಗೆ ಊಟವೇ ಸೇರಲಿಲ್ಲ.

ಆದರೆ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಹಲ್ಲುಗಳು ಒಂದೂ ನೆಟ್ಟಗಿಲ್ಲ! ಒಂದು ಎಡಕ್ಕೆ ವಾಲಿದೆ, ಪಕ್ಕದ್ದು ಬಲಕ್ಕೆ, ಅದರ ಪಕ್ಕದ್ದು ಮತ್ತೆ ಎಡಕ್ಕೆ. ಥೇಟ್ ಸೋಮವಾರದ ಪ್ರಾರ್ಥನೆಗೆ ನಿಂತ ಎಂಟನೇ ಕ್ಲಾಸಿನ ಬಿ ಸೆಕ್ಷನ್. ಇದನ್ನು ನೋಡಿ ಸುಮ್ಮನಿರಲು ನಾನೇನು ಗಣಿತದ ಮೇಷ್ಟ್ರೇ? ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗರಗಸವನ್ನು ಮಲಗಿಸಿ, ಪುಟ್ಟ ಸುತ್ತಿಗೆಯಿಂದ ಎರಡು ದಿನ ಒಂದೊಂದೇ ಹಲ್ಲನ್ನು ತಟ್ಟಿದೆ. ನೂರಾ ಐವತ್ತಾರು ಹಲ್ಲುಗಳೂ ಅಟೆನ್ಷನ್ನಿನಲ್ಲಿ ನಿಂತವು. ಇಷ್ಟು ತೃಪ್ತಿ ನನಗೆ ಸರ್ವಿಸ್ಸಿನಲ್ಲಿದ್ದಾಗಲೂ ಸಿಕ್ಕಿರಲಿಲ್ಲ.

ಅದೇ ವಾರ ನಮ್ಮ ಅತ್ತೆ ಚಲುವಮ್ಮನವರು ಬೇಲೂರಿನಿಂದ ಬರುವವರಿದ್ದರು. ಅವರು ಕುಳ್ಳಗಿದ್ದಾರೆ, ನಮ್ಮ ಹಲಸಿನ ಮರದ ಮಂಚ ಎತ್ತರ. ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ, ಇಳಿದರೆ ಮಂಡಿ ನೋವು.

"ಭಾನುವಾರ ಸಾಯಂಕಾಲದೊಳಗೆ ಮಂಚದ ಕಾಲು ಮೂರಿಂಚು ಕಡಿಮೆ ಆಗಿರ್ಬೇಕು" ಎಂದಳು ಯಶೋಧರಾ. "ಆಗ್ಲಿಲ್ಲ ಅಂದ್ರೆ ನಿಮ್ಮ ತುಕ್ಕಿನ ಮೂಟೆ ಸೋಮವಾರ ಗುಜರಿಗೆ ವಾಪಸ್. ತಮಾಷೆ ಮಾಡ್ತಿಲ್ಲ."

ಅವಳು ತಮಾಷೆ ಮಾಡುವವಳಲ್ಲ. ಬೇಕಿದ್ದರೆ ನನ್ನ ಹಳೇ ಸೈಕಲ್ಲನ್ನು ಕೇಳಿ. (ಕೇಳಲು ಅದು ಈಗ ಇಲ್ಲ.)

ಭಾನುವಾರ ಬೆಳಗ್ಗೆ ಮಂಚವನ್ನು ಮಗ್ಗುಲಿಗೆ ಮಲಗಿಸಿ ಗರಗಸ ಹಚ್ಚಿದೆ. ಎರಡು ಬೆರಳಿನಷ್ಟು ಒಳಗೆ ಹೋಯಿತು, ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೈಯೆಲ್ಲ ಬಲ ಹಾಕಿ ಎಳೆದೆ. ಗರಗಸ ಬರಲಿಲ್ಲ, ಮಂಚವೇ ಬಂತು. ಹೀಗೆ ನಾವಿಬ್ಬರೂ ನಡುಮನೆಯಿಂದ ಬಾಗಿಲವರೆಗೆ ಬರುವುದಕ್ಕೂ ಹೊರಗೆ ಆಟೋ ನಿಲ್ಲುವುದಕ್ಕೂ ಸರಿಹೋಯಿತು.

"ಅಳಿಯಂದ್ರೇ, ನಾನಿನ್ನೂ ಒಳಕ್ಕೇ ಬಂದಿಲ್ಲ, ಮಂಚಾನ ಎಲ್ಲಿಗ್ ಎಳ್ಕೊಂಡ್ ಹೊಂಟ್ರಿ?" ಎಂದರು ಚಲುವಮ್ಮ.

ಯಶೋಧರಾ ನನ್ನ ಹಳೇ ಶಿಷ್ಯ ಮಧುಕುಮಾರನಿಗೆ ಫೋನ್ ಮಾಡಿದಳು. ಅವನೀಗ ಊರಿಗೇ ಹೆಸರಾದ ಬಡಗಿ. ಬಂದವನು ಸೀಳಿಗೆ ಒಂದು ಬೆಣೆ ಬಡಿದು ಗರಗಸವನ್ನು ಎಳೆದುಕೊಂಡ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. ಅವನ ಮೀಸೆ ಅಲುಗಿತು.

"ಸಾರ್, ಇದರ ಹಲ್ಲು ತಟ್ಟಿದ್ದು ಯಾರು?"

"ನಾನೇ ಕಣೋ. ಎಷ್ಟು ನೆಟ್ಟಗಿದೆ ನೋಡು!"

"ಅದೇ ಸಾರ್ ತೊಂದ್ರೆ. ಒಂದು ಎಡಕ್ಕೆ ಒಂದು ಬಲಕ್ಕೆ ವಾಲಿದ್ರೇನೇ ಅಲಗು ಓಡಾಡೋಕೆ ದಾರಿ ಸಿಗೋದು. ಎಲ್ಲಾ ನೆಟ್ಟಗೆ ನಿಂತ್ಬಿಟ್ರೆ ಮರ ಕಚ್ಕೊಂಡ್ಬಿಡುತ್ತೆ." ಗರಗಸವನ್ನು ಕೆಳಗಿಟ್ಟು, "ಎಡಕ್ಕೆ ವಾಲು, ಬಲಕ್ಕೆ ವಾಲು, ಡ್ರಿಲ್ಲಲ್ಲಿ ನೀವು ಹೇಳ್ಕೊಟ್ಟ ಮೊದಲ್ನೇ ಅಭ್ಯಾಸ ಅಲ್ವಾ ಸಾರ್" ಎಂದ.

ಹಲ್ಲು ಬಾಗಿಸುವ ಒಂದು ಸಣ್ಣ ಕಬ್ಬಿಣವನ್ನು ನನ್ನ ಕೈಗಿಟ್ಟು, ಬಾಗಿಸುವುದು ಹೇಗೆಂದು ತೋರಿಸಿ, ಅವನು ಹಳೇಬೀಡಿನ ಕೆಲಸಕ್ಕೆ ಹೊರಟುಹೋದ. ನಾನು ಮಧ್ಯಾಹ್ನವಿಡೀ ಕೂತು, ನನ್ನ ಕೈಯಾರೆ ಉದ್ಧಾರ ಮಾಡಿದ್ದ ನೂರಾ ಐವತ್ತಾರು ಹಲ್ಲುಗಳನ್ನು ನನ್ನ ಕೈಯಾರೆ ಹಾಳು ಮಾಡಿದೆ. ಆಮೇಲೆ ನೋಡಿ! ಗರಗಸ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಸಂಜೆ ದೀಪ ಹಾಕುವ ಹೊತ್ತಿಗೆ ನಾಲ್ಕೂ ಕಾಲು ಮುಗಿದವು. ಅತ್ತೆ ಕೂತರು. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಿದವು.

"ಈಗ ಹಾಯಾಗೈತೆ ಕಣ್ರಪ್ಪ" ಎಂದರು.

"ಮೂಟೆ ಇರ್ಲಿ ಬಿಡಿ" ಎಂದಳು ಯಶೋಧರಾ. "ಆದ್ರೆ ಇನ್ಮೇಲೆ ಯಾವ್ದನ್ನಾದ್ರೂ ಸರಿ ಮಾಡೋಕ್ ಮುಂಚೆ, ಅದು ಕೆಟ್ಟಿದ್ಯಾ ಅಂತ ಯಾರನ್ನಾದ್ರೂ ಕೇಳಿ."

ಸೋಮವಾರ ಬೆಳಗ್ಗೆ ಎದೆ ಸೆಟೆಸಿಕೊಂಡು ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಗೆ ಹೋದೆ. ಅಲ್ಲಿ ಆರು ಜನ ಹಳೇ ಶಿಷ್ಯರಿದ್ದರು, ಕೊನೆಯಲ್ಲಿ ಮಧುಕುಮಾರ. ನನ್ನನ್ನು ಕಂಡೊಡನೆ ಎಲ್ಲರೂ ಎದ್ದು ಸಾಲಾಗಿ ನಿಂತರು. ಮೊದಲನೆಯವನು ಎಡಕ್ಕೆ ವಾಲಿದ, ಎರಡನೆಯವನು ಬಲಕ್ಕೆ, ಮೂರನೆಯವನು ಎಡಕ್ಕೆ, ಹೀಗೇ ಕೊನೆಯವರೆಗೆ. ವಾಲಿಕೊಂಡೇ ಒಂದೇ ದನಿಯಲ್ಲಿ "ನಮಸ್ಕಾರ ಸಾರ್!" ಎಂದರು.

ನಾನು ಸಿಟ್ಟಾಗಬೇಕಿತ್ತು. ಆದರೆ ಏನು ಹೇಳಲಿ, ನಾನು ಒಂದು ಸಲವೂ ಸೀಟಿ ಊದದೆ ಆ ನನ್ಮಕ್ಕಳು ಅಷ್ಟು ಸಮನಾಗಿ ಅಂತರ ಬಿಟ್ಟು ನಿಂತದ್ದು ಅದೇ ಮೊದಲು.