ಸುತ್ತಿಗೆ ಬೇಡವೆಂದ ನಮ್ಮಣ್ಣ

ನಮ್ಮಣ್ಣನ ಮುಂದೆ ದೇವರು ಪ್ರತ್ಯಕ್ಷನಾಗಿ ‘ಏನು ವರ ಬೇಕು ಕೇಳು’ ಎಂದರೆ ಅವನು ಕೇಳುವುದು ಒಂದು ಹದಿನೇಳು ನಂಬರಿನ ಸ್ಪ್ಯಾನರ್. ದೇವರು ಕೊಟ್ಟನೆನ್ನಿ, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಬಾಯಿ ಸ್ವಲ್ಪ ಸವೆದಿದೆ, ಬೇರೆ ಇದ್ದರೆ ತೋರಿಸಿ’ ಎನ್ನದೆ ಬಿಡುವವನಲ್ಲ! ಇದನ್ನು ನಾನು ನಗುನಗುತ್ತಾ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನೀವು ಬೇಕಾದರೆ ನಗಿ. ನನಗೆ ಹೊಟ್ಟೆ ಉರಿಯುತ್ತದೆ.

ಅಣ್ಣ ಮೂವತ್ತು ವರ್ಷ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಈಗ ಮೂಡಲಪಾಳ್ಯದ ನಮ್ಮ ಮನೆಯ ಮಹಡಿಯಲ್ಲಿ ಅವನು, ಕೆಳಗೆ ನಾನು. ಅವನದೊಂದು ಹಳೇ ಪಿಕಪ್ ಗಾಡಿ, ನನ್ನದೊಂದು ಊಟದ ವ್ಯವಹಾರ. ಹೆಗ್ಗನಹಳ್ಳಿಯ ಒಂದು ಗಾರ್ಮೆಂಟ್ಸಿಗೆ ದಿನಾ ಮಧ್ಯಾಹ್ನ ಎಂಬತ್ತು ಊಟ ಕಳಿಸಬೇಕು. ಅನ್ನ, ಹುಳಿ, ಪಲ್ಯ ನಾನು ಬೇಯಿಸುವುದು, ಹನ್ನೆರಡಕ್ಕೆ ಪಾತ್ರೆಗಳನ್ನೆಲ್ಲ ಪಿಕಪ್ಪಿಗೆ ಏರಿಸಿಕೊಂಡು ಅಣ್ಣ ಹೊರಡುವುದು. ನನ್ನ ಯಜಮಾನರು ತೀರಿಕೊಂಡ ಮೇಲೆ ಆರು ವರ್ಷ ನನ್ನನ್ನು ಸಾಕಿದ್ದೇ ಆ ಎಂಬತ್ತು ಊಟ.

ಹೀಗಿರುವಾಗ, ಹಂಪ್ ಸಿಕ್ಕಾಗಲೆಲ್ಲ ಗಾಡಿಯ ಮುಂದಿನ ಎಡ ಚಕ್ರದಲ್ಲಿ ‘ಕಟಕ್’ ಎನ್ನತೊಡಗಿತು. ಬಾಲ್ ಜಾಯಿಂಟ್ ಹೋಗಿದೆ ಎಂದ ಅಣ್ಣ. ಚಕ್ರವನ್ನು ಗಾಡಿಗೆ ಹಿಡಿದಿಡುವ ಗುಂಡಿನ ಕೀಲದು, ನಮ್ಮ ಸೊಂಟದ ಕೀಲಿನ ಹಾಗೆ. ಸವೆದ ಮೇಲೂ ಓಡಿಸಿದರೆ ನಡುರಸ್ತೆಯಲ್ಲಿ ಚಕ್ರ ಕಳಚಿ ಮಲಗುತ್ತದಂತೆ. ಹೊಸ ಕೀಲು ಅವತ್ತೇ ತಂದಾಯಿತು. ಹಳೆಯದನ್ನು ಬಿಚ್ಚಬೇಕು, ಅಷ್ಟೇ!

ಸುಂಕದಕಟ್ಟೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಕಾರ್ಖಾನೆಯಲ್ಲಿ ಅಣ್ಣನ ಕೈಕೆಳಗೆ ಕೆಲಸ ಕಲಿತವನು, ಅಣ್ಣನನ್ನು ಕಂಡರೆ ಇವತ್ತಿಗೂ ಎದ್ದು ನಿಲ್ಲುತ್ತಾನೆ. ನಾನೇ ಹಟ ಮಾಡಿ, ಆಮೆಯ ಹಾಗೆ ಗಾಡಿ ಓಡಿಸಿಕೊಂಡು ಅಲ್ಲಿಗೆ ಹೊರಡಿಸಿದೆ. ನೋಡಿದವನೇ ಅರ್ಧ ಗಂಟೆ ಕೆಲಸ ಎಂದ. ನಟ್ಟು ಸಡಿಲಿಸಿ, ಕೀಲು ಕೂತಿರುವ ಕಬ್ಬಿಣಕ್ಕೆ ಪಕ್ಕದಿಂದ ಸುತ್ತಿಗೆಯಲ್ಲಿ ನಾಲ್ಕು ಏಟು ಕೊಟ್ಟರೆ ಬಿಟ್ಟುಕೊಳ್ಳುತ್ತದಂತೆ. ಹೇಳಿದವನು ಸುತ್ತಿಗೆ ತಂದು ಎರಡೂ ಕೈಯಲ್ಲಿ ಅಣ್ಣನ ಮುಂದೆ ಹಿಡಿದ.

“ಮೊದಲ್ನೇ ಏಟು ನಿಮ್ಮ ಕೈಯಿಂದಾನೇ ಬೀಳ್ಲಿ ಗುರುಗಳೇ. ನಿಮ್ಮ ಏಟು ಅಂದ್ರೆ ಏನು ಅಂತ ಇಲ್ಲಿರೋರೂ ನೋಡ್ಲಿ.”

ಯಾರಿಗೆ ತಾನೇ ಹಿಗ್ಗಾಗುವುದಿಲ್ಲ ಹೇಳಿ? ಅಣ್ಣನ ಮುಖ ಕೆಂಪಾಯಿತು. “ಸುತ್ತಿಗೆ ಹಿಡಿಯೋನು ಬುದ್ಧಿ ಇಲ್ಲದೋನು. ಇದಕ್ಕೇ ಅಂತ ಟೂಲ್ ಇರುತ್ತೆ, ನಾನೇ ಮಾಡ್ಕೋತೀನಿ,” ಎಂದವನು ಗಾಡಿ ತಿರುಗಿಸಿಯೇ ಬಿಟ್ಟ. ಆ ಮನುಷ್ಯ ಸುತ್ತಿಗೆ ಹಿಡಿದುಕೊಂಡು ನಿಂತೇ ಇದ್ದ. ದಾರಿಯುದ್ದಕ್ಕೂ ನಾನು ಬೈದೆ. ಮೂವತ್ತು ವರ್ಷ ಸುತ್ತಿಗೆಯಿಂದಲೇ ಅನ್ನ ತಿಂದವನಿಗೆ ಈಗ ಸುತ್ತಿಗೆ ಕೀಳಾಯಿತೇ? ಕೊಬ್ಬು, ಇನ್ನೇನು!

ಅಲ್ಲಿಂದ ಶುರುವಾಯಿತು ನೋಡಿ ಸಲಕರಣೆಗಳ ವಧೂಪರೀಕ್ಷೆ. ನನ್ನ ಊಟ ಅಷ್ಟು ದಿನವೂ ಬಾಡಿಗೆಯ ಲಗೇಜ್ ಆಟೋದಲ್ಲಿ ಕುಲುಕಿಕೊಂಡು, ಅರ್ಧ ಹುಳಿ ಚೆಲ್ಲಿಕೊಂಡು, ದಿನಾ ತಡವಾಗಿ ಹೋಗುತ್ತಿತ್ತು. ಗಾರ್ಮೆಂಟ್ಸಿನ ಸೂಪರ್‌ವೈಸರ್ ಎರಡು ಸಲ ಮೆತ್ತಗೆ ಎಚ್ಚರಿಸಿದ್ದ. ಅದನ್ನು ಅಣ್ಣನಿಗೆ ಮೂರು ಸಲ ಹೇಳಿದ್ದೆ.

ಮೊದಲು ಬಂದದ್ದು ಭಾನುವಾರದ ಹಳೇ ಸಾಮಾನಿನ ಸಂತೆಯಿಂದ, ಎರಡು ಹಲ್ಲಿನ ಕಬ್ಬಿಣದ ಕವಲು. ಅದನ್ನು ಸಂದಿಗೆ ತೂರಿಸಿ ಹಿಂದಿನಿಂದ ಬಡಿಯಬೇಕು. ಎರಡು ದಿನ ಸೀಮೆಎಣ್ಣೆಯಲ್ಲಿ ತೊಳೆದ, ಉಜ್ಜಿದ, ಬಿಸಿಲಿಗಿಟ್ಟ. ಮೂರನೆಯ ದಿನ ಜ್ಞಾನೋದಯವಾಯಿತು: ಇದರಲ್ಲಿ ಬಡಿದರೆ ಕೀಲಿನ ರಬ್ಬರ್ ಟೊಪ್ಪಿ ಹರಿಯುತ್ತದೆ!

ಹಳೇ ಕೀಲು ಹೇಗೂ ಗುಜರಿಗೆ ಹೋಗುವುದಲ್ಲವೇ, ಅದರ ಟೊಪ್ಪಿ ಹರಿದರೆ ನಿನಗೇನು ನಷ್ಟ ಎಂದು ಕೇಳಿದೆ. “ಬಿಸಾಕೋ ಸಾಮಾನಿಗೂ ಒಂದು ಮರ್ಯಾದೆ ಇರುತ್ತೆ ಕಣೇ,” ಎಂದ. ಸಾಮಾನಿಗೆ ಮರ್ಯಾದೆ ಅಂತೆ! ತಂಗಿಯ ಹುಳಿ ಮಾಗಡಿ ರೋಡಿನಲ್ಲಿ ಚೆಲ್ಲಿಹೋದರೂ ಚಿಂತೆಯಿಲ್ಲ.

ಆಮೇಲೆ ಪುಲ್ಲರ್ ಬೇಕೆಂದ. ಎರಡು ಕೊಕ್ಕೆ, ನಡುವೆ ಒಂದು ದಪ್ಪ ಸ್ಕ್ರೂ. ಬಡಿಯುವುದೇ ಬೇಡ, ಸ್ಕ್ರೂ ತಿರುಗಿಸಿದರೆ ಕೀಲನ್ನು ಒತ್ತಿ ಕಳಚುತ್ತದೆ. ಅವನ ಗಾಡಿಗೆ ಆಗುವ ಅಳತೆಯದು ಒಂದು ಅಂಗಡಿಯಲ್ಲಿ ಒಂದೇ ಒಂದು ಇತ್ತು. ಇತ್ತು ಎನ್ನುತ್ತೇನೆ, ಏಕೆಂದರೆ ಅಣ್ಣ ಅದನ್ನು ಕಂಡದ್ದು ಶನಿವಾರ. ಶನಿವಾರ ಕಬ್ಬಿಣ ಮನೆಗೆ ತರಬಾರದಲ್ಲ! ಮುಟ್ಟಿದ, ತೂಗಿದ, ಸ್ಕ್ರೂ ತಿರುಗಿಸಿ ನೋಡಿದ, ಸೋಮವಾರ ಬರುತ್ತೇನೆಂದು ಬರಿಗೈಯಲ್ಲಿ ಬಂದ. ಭಾನುವಾರ ಅಂಗಡಿಗೆ ರಜೆ. ಸೋಮವಾರ ಇವನು ಹೋಗುವಷ್ಟರಲ್ಲಿ ಯಾರೋ ಪುಣ್ಯಾತ್ಮ ಕೊಂಡುಹೋಗಿದ್ದ. ಶನಿದೇವರಿಗೆ ಹೆದರಿದ ಇವನನ್ನು ಬಿಟ್ಟು ಶನಿ ನನ್ನ ಹೆಗಲೇರಿದ್ದು ಹೀಗೆ.

ಮತ್ತೊಂದು ಪುಲ್ಲರ್ ಬರುವ ಹೊತ್ತಿಗೆ ಬುಧವಾರ. ತಕ್ಷಣ ಕೆಲಸಕ್ಕಿಳಿದನೇ? ಅದಕ್ಕೆ ಅರಿಶಿನ ಕುಂಕುಮ, ಎರಡು ಊದುಬತ್ತಿ, ಒಂದು ನಿಂಬೆಹಣ್ಣು! ಪೂಜೆಯಾದ ಮೇಲೆ ಗಾಡಿಗೆ ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಪುಲ್ಲರ್ ತೊಡಿಸಿ, ಉದ್ದ ಹಿಡಿಯ ಸ್ಪ್ಯಾನರನ್ನು ಎಡಗೈಯಲ್ಲೇ ತಿರುಗಿಸಿದ. ನೋಡು, ಒಂದೇ ಕೈ ಸಾಕು ಎಂದು ಜಂಬ ಬೇರೆ. ಸ್ಕ್ರೂ ಬಿಗಿಯಿತು, ಕಿರುಗುಟ್ಟಿತು, ನಿಂತಿತು. ಕೀಲು ಜಪ್ಪಯ್ಯ ಅನ್ನಲಿಲ್ಲ. ಒಂದು ಏಟು ಹಾಕು ಎಂದೆ. ಎಳೆತದಲ್ಲಿದೆ, ತಾನಾಗಿಯೇ ಬಿಡುತ್ತದೆ ಎಂದ. ಗುರುವಾರ ಇಡೀ ದಿನ ಗಾಡಿಯ ಪಕ್ಕ ಕುರ್ಚಿ ಹಾಕಿಕೊಂಡು, ಹೆರಿಗೆ ವಾರ್ಡಿನ ಮುಂದೆ ಕೂತ ಗಂಡನ ಹಾಗೆ ಕಾದ.

ಶುಕ್ರವಾರ ಲಗೇಜ್ ಆಟೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಊಟ ತಲುಪಿದಾಗ ಎರಡು ಗಂಟೆ. ಅಲ್ಲಿನ ಹೆಣ್ಣುಮಕ್ಕಳಿಗೆ ಊಟಕ್ಕೆ ಬಿಡುವುದೇ ಅರ್ಧ ಗಂಟೆ, ಅವರು ಬನ್ನು ತಿಂದು ಮಷಿನ್ನಿಗೆ ವಾಪಸು ಕೂತಿದ್ದರು. ಸೂಪರ್‌ವೈಸರ್ ಫೋನ್ ಮಾಡಿ, “ಆಂಟಿ, ಬೇಜಾರ್ ಮಾಡ್ಕೋಬೇಡಿ. ನಾಳೆಯಿಂದ ಬೇರೆಯೋರಿಗೆ ಹೇಳಿದೀವಿ,” ಎಂದ. ಆರು ವರ್ಷ ಒಲೆಯ ಮುಂದೆ ಬೆಂದದ್ದು ಒಂದೇ ಮಾತಿಗೆ ಮುಗಿದುಹೋಯಿತು.

ಫೋನ್ ಇಟ್ಟವಳೇ ಸೀದಾ ಗಾಡಿಯ ಹತ್ತಿರ ಹೋದೆ. ಇವತ್ತು ಅವನಿಗೂ ನನಗೂ ತೀರ್ಮಾನವಾಗಲಿ ಎಂದೇ ಹೋದದ್ದು. ಅಣ್ಣ ನನಗೆ ಬೆನ್ನು ಹಾಕಿ, ಚಕ್ರವಿಲ್ಲದ ಕಡೆ ನೆಲದ ಮೇಲೆ ಕೂತಿದ್ದ. ಬಲಗೈಯಲ್ಲಿ ಸುತ್ತಿಗೆ! ಎತ್ತಿದ, ಹೊಡೆದ. ‘ಟಿಕ್’ ಎಂದಿತು. ಇನ್ನೊಮ್ಮೆ ಎತ್ತಿದ. ಮಣಿಕಟ್ಟು ಗಡಗಡ ನಡುಗಿ, ಸುತ್ತಿಗೆ ಜಾರಿ ಅವನ ಕಾಲ ಬಳಿ ಬಿತ್ತು. ನಡುಗುವ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ಹಾಗೇ ಕೂತ. ಆಮೇಲೆ ನನ್ನನ್ನು ನೋಡಿದ.

“ಯಾವಾಗ್ಲಿಂದ ಅಣ್ಣ?”

“ಯುಗಾದಿಗೆ ಮುಂಚೆಯಿಂದ,” ಎಂದ. “ಅವತ್ತು ಅವನು ಸುತ್ತಿಗೆ ಕೊಟ್ನಲ್ಲ, ಅಷ್ಟು ಜನದ ಮುಂದೆ ಬೀಳಿಸಿಬಿಡ್ತಿದ್ದೆ ಕಣೇ. ನಾನೇ ಹೊಡೆಯೋದು ಕಲಿಸಿದೋನು ಅವನು,” ಎಂದ. ಆಮೇಲೆ ಊಟ ತಲುಪಿತಾ ಎಂದು ಕೇಳಿದ.

ಆರ್ಡರ್ ಹೋಯಿತು ಎಂದೆ. ಅಣ್ಣ ತಲೆ ತಗ್ಗಿಸಿದ.

ನನಗೆ ಒಂದು ಮಾತು ಹೇಳಿದ್ದರೆ ಆ ಎಂಬತ್ತು ಊಟ ಉಳಿಯುತ್ತಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವತ್ತು ಬಯ್ಯಲು ಬಾಯಿ ಬರಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ ಅವನ ಪಕ್ಕ ಕೂತು ಸುತ್ತಿಗೆ ತೆಗೆದುಕೊಂಡೆ. ಎಲ್ಲಿ ಹೊಡೆಯಬೇಕೆಂದು ಅಣ್ಣ ಎಡಗೈಯಲ್ಲಿ ತೋರಿಸಿದ. ಮೊದಲ ಏಟು ಜಾರಿತು, ಎರಡನೆಯದು ಕೂತಿತು. ಮೂರನೆಯದಕ್ಕೆ ‘ಢಣ್’ ಎಂದು ಇಡೀ ಗಾಡಿ ಅದುರಿ, ಕೀಲು ಬಿಟ್ಟುಕೊಂಡಿತು.

“ಒಳ್ಳೆ ಏಟು,” ಎಂದ ಅಣ್ಣ. ಅವನ ಕಣ್ಣಲ್ಲಿ ನೀರಿತ್ತು. ನಾನು ಸುತ್ತಿಗೆ ಕೆಳಗಿಟ್ಟು, ಕಂಕುಳಲ್ಲಿ ಬಚ್ಚಿಟ್ಟಿದ್ದ ಅವನ ಬಲಗೈಯನ್ನು ಎಳೆದುಕೊಂಡು ನನ್ನ ಎರಡೂ ಕೈಯಲ್ಲಿ ಹಿಡಿದೆ. ನಡುಕ ನಿಲ್ಲಲಿಲ್ಲ. ನಾನೂ ಬಿಡಲಿಲ್ಲ.