ಟೀವಿಯಲ್ಲಿ ಬಂದ ನಮ್ಮ ಕುಕ್ಕರು

ಟೀವಿಯೂ ಕೆಟ್ಟಿರಲಿಲ್ಲ, ಫೋನೂ ಕೆಟ್ಟಿರಲಿಲ್ಲ; ಕೆಟ್ಟದ್ದು ನನ್ನ ಬುದ್ಧಿ. ನಾನು ಓದಿದ್ದು ಮೂರನೇ ಕ್ಲಾಸು. ಸೊಸೆಯ ಮೇಲಿನ ದೂರನ್ನು ಬರೆಯುವುದಕ್ಕಿಂತ, ತಳ ಕರಿಹಿಡಿದ ಕುಕ್ಕರಿನ ಫೋಟೊ ತೆಗೆದು ತುಮಕೂರಿನ ತಂಗಿಗೆ ಕಳಿಸುವುದು ಸುಲಭ. ಅವಳು ತನ್ನ ಸೊಸೆ ಮಡಿಸದೆ ಬಿಟ್ಟ ಬಟ್ಟೆಯ ಗುಡ್ಡೆ ಕಳಿಸುತ್ತಾಳೆ. ಇಬ್ಬರಿಗೂ ಹೊಟ್ಟೆ ತಣ್ಣಗಾಗುತ್ತದೆ.

ಫೋನು ಕೊಂಡಾಗ ಅದು ಏನೇನೋ ಕೇಳುತ್ತಿತ್ತು, ಎಲ್ಲ ಇಂಗ್ಲಿಷಿನಲ್ಲಿ. ನೀಲಿ ಗುಂಡಿ ಕಂಡಲ್ಲೆಲ್ಲ ಒತ್ತಿದೆ. ಅದರಲ್ಲೊಂದು, ನನ್ನ ಫೋಟೊಗಳನ್ನು ಮನೆಯವರ ಫೋಟೊಗಳ ಜೊತೆ ಸೇರಿಸಲು ಫೋನಿನ ಕಂಪನಿಗೆ ಕೊಟ್ಟ ಅಪ್ಪಣೆ. ನಮ್ಮ ಟೀವಿಯನ್ನು ಸುಮ್ಮನೆ ಬಿಟ್ಟರೆ ಅವನ್ನೇ ಒಂದೊಂದಾಗಿ ತೋರಿಸುತ್ತದೆ.

ಸೊಸೆ ಸುಮಾಳ ತಂದೆ ತಾಯಿ ಬಂದು ಕೂತಿದ್ದಾಗ ಟೀವಿಯಲ್ಲಿ ಮೊಮ್ಮಗಳ ಹುಟ್ಟುಹಬ್ಬ ಬಂತು, ಮಹಾಬಲಿಪುರ ಬಂತು, ಆಮೇಲೆ ಕುಕ್ಕರು ಬಂತು. ಜಿಡ್ಡು ಹಿಡಿದ ಒಲೆ, ಸಿಂಕಿನಲ್ಲಿ ನೆನೆಯುತ್ತಿದ್ದ ಬಾಣಲೆ, ಒಂದೂ ಬಿಡದೆ ಬಂದವು. ಸುಮಾ ತನ್ನ ತಾಯಿಯ ಮುಂದೆ ಕಾಫಿ ಇಟ್ಟು, "ಅತ್ತೆ, ಫೋಟೊ ಚೆನ್ನಾಗ್ ತೆಗೀತೀರ" ಎಂದಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ನನ್ನ ಕಾಫಿ ಲೋಟ ಮೇಜಿನ ಮೇಲೆ ಬಂದು ಕೂರುತ್ತಿತ್ತು, ತಂದವಳು ಕಾಣುತ್ತಿರಲಿಲ್ಲ. ಮಗ ಮಣಲಿಯ ಕಾರ್ಖಾನೆಯಿಂದ ಅಣ್ಣಾ ನಗರದ ನಮ್ಮ ಮನೆ ಸೇರುವುದರೊಳಗೆ ಕತ್ತಲಾಗಿರುತ್ತದೆ. ಮೊಮ್ಮಗಳು ನಿತ್ಯಾ ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಈ ತಮಿಳು ಊರಿನಲ್ಲಿ ಹಗಲೆಲ್ಲ ನನ್ನ ಜೊತೆ ಕನ್ನಡದಲ್ಲಿ ಜಗಳವಾಡುವುದಕ್ಕಾದರೂ ಇದ್ದವಳು ಸುಮಾ ಒಬ್ಬಳೇ.

ತಪ್ಪೆಲ್ಲ ಕಂಪನಿಯದು ಎಂದಳು ಕಾಲೇಜಿಗೆ ಹೋಗುವ ನಿತ್ಯಾ. ನಮ್ಮ ಫೋಟೊ ನಮ್ಮ ಕೈಯಲ್ಲೇ ಇರಬೇಕಂತೆ. ಎಲ್ಲವನ್ನೂ ಅಲ್ಲಿಂದ ಕಿತ್ತು, ಮನೆಯಲ್ಲೇ ಕಂಪ್ಯೂಟರಿನಂಥ ಒಂದು ಪೆಟ್ಟಿಗೆಯಿಟ್ಟು ತುಂಬಿಸುತ್ತಾಳಂತೆ. "ಇನಿಮೇ ಎಲ್ಲಾಂ ನಮ್ಮ ವೀಟ್ಟುಲೆಯೇ ಇರುಕ್ಕುಂ, ಪಾಟಿ" ಎಂದಳು. ಇನ್ನು ಮೇಲೆ ಎಲ್ಲ ನಮ್ಮ ಮನೆಯಲ್ಲೇ ಇರುತ್ತೆ ಅಜ್ಜಿ, ಅಂತ.

"ಮನೇಲಿದ್ರೇನೇ ಕಣೇ ಕಷ್ಟ. ಆ ಕಂಪನಿಯೋನು ನಮ್ ಕುಕ್ಕರ್ ನೋಡಿ ಏನ್ ಮಾಡ್ತಾನೆ? ನೋಡಬಾರದೋಳು ಅಡುಗೆಮನೇಲಿದಾಳೆ" ಎಂದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ನಿತ್ಯಾ ಬಿಡಲಿಲ್ಲ. ಸಂಜೆಯೆಲ್ಲ ಕೂತು ಪೆಟ್ಟಿಗೆ ಜೋಡಿಸಿದಳು. ಒಂದೊಂದು ಫೋಟೊ ತೋರಿಸಿ, ಇದನ್ನು ಯಾರು ನೋಡಬಹುದು ಎಂದು ನನ್ನನ್ನೇ ಕೇಳಿದಳು. ಕುಕ್ಕರು ಬಂದಾಗ "ತಂಗಿ ಮಾತ್ರ" ಎನ್ನಲು ಬಾಯಿ ತೆರೆದೆ. ಪಕ್ಕದಲ್ಲೇ ಸುಮಾ ಬಟ್ಟೆ ಮಡಿಸುತ್ತಿದ್ದಳು. ಅಳಿಸಿಬಿಡು ಎಂದೆ.

ಮರುದಿನ ಬೆಳಗ್ಗೆ ಕುಕ್ಕರನ್ನೇ ಎತ್ತಿಕೊಂಡು ಹೋಗಿ, ತಳ ಕರ್ರಗಾಗಿದೆ ಎಂದು ಸುಮಾಳ ಮುಖದೆದುರೇ ಹೇಳಿದೆ. ಅವಳು ಉಜ್ಜುವ ನಾರು ನನ್ನ ಕೈಗಿಟ್ಟಳು. ಕೂತು ಉಜ್ಜಿದೆ. ತಲೆಯೆತ್ತಿದರೆ ಅವಳ ಕೈಯ ಫೋನು ನನ್ನ ಕಡೆ ತಿರುಗಿತ್ತು.

"ಯಾರಿಗೇ ಅದು?"

"ನಮ್ಮಮ್ಮನಿಗೆ ಮಾತ್ರ, ಅತ್ತೆ."

ಕುಕ್ಕರಿನ ತಳ ಚೆನ್ನಾಗಿ ಕಾಣುವಂತೆ ತಿರುಗಿಸಿ ಹಿಡಿದೆ.