ಶೆಟ್ಟಿಹಳ್ಳಿಯ ಮೋಲ್ಡು, ಮಾಲಗಾದ ಸಮುದ್ರ

ನಮ್ಮ ಭಾವನ ಜೊತೆ ಹೆಬ್ಬಾಳದ ಸಿಗ್ನಲ್‌ವರೆಗೆ ಹೋದರೂ ಏನಾದರೊಂದು ಆಗುತ್ತದೆ. ಸ್ಪೇನಿಗೆ ಹೋದರೆ ಆಗದಿರಲು ಕಾರಣವೇ ಇಲ್ಲ.

ಭಾವ ಶೆಟ್ಟಿಹಳ್ಳಿಯವರು. ಅವರಪ್ಪ ರಾಗಿ ಬೆಳೆದ ಜಾಗದಲ್ಲಿ ಇವರು ಬಿಲ್ಡಿಂಗ್ ಬೆಳೆಯುತ್ತಾರೆ. ಮಗಳ ನಾಮಕರಣದಿಂದ ಮದುವೆವರೆಗೆ ಅವರ ಮನೆಯ ಒಂದು ಫೋಟೊದಲ್ಲೂ ಭಾವನ ಎಡಗಿವಿ ಕಂಡಿಲ್ಲ. ಅಲ್ಲಿ ಫೋನ್ ಇರುತ್ತದೆ. ಅಕ್ಕನಿಗೆ ಬೇಕಾಗಿದ್ದು ಒಂದೇ. ಸಮುದ್ರದಲ್ಲಿ ಇಬ್ಬರೂ ನಿಂತಿರುವ ಒಂದು ಫೋಟೊ, ಫೋನಿಲ್ಲದೆ.

ಗೋವಾಕ್ಕೆ ಹೋದರೆ ಭಾವ ಮಧ್ಯಾಹ್ನದ ಫ್ಲೈಟಿಗೆ ಸೈಟಿಗೆ ವಾಪಸ್ ಬಂದುಬಿಡುತ್ತಾರೆ, ಸ್ಪೇನಿನಿಂದ ಅದು ಆಗುವುದಿಲ್ಲ ಎಂಬುದು ಅಕ್ಕನ ಲೆಕ್ಕ. ನಾನು ಆರ್.ಟಿ. ನಗರದಲ್ಲಿರುವ ಕಾಲೇಜು ಮೇಷ್ಟ್ರು. ಪ್ರವಾಸ ಎಂದರೆ ಬೇರೆಯವರ ಊರಿನ ಬಿಸಿಲಿನಲ್ಲಿ ಕ್ಯೂ ನಿಲ್ಲುವುದು ಎಂದು ನಂಬಿದವನು. ಆದರೂ ಅಕ್ಕನ ಮಾತು ಮೀರಲಾಗದೆ ಫೆಬ್ರವರಿಯಲ್ಲಿ ಇಬ್ಬರನ್ನೂ ಮಾಲಗಾ ಎಂಬ ಕಡಲೂರಿಗೆ ಕರೆದುಕೊಂಡು ಹೋದೆ. ಸರಿಯಾಗಿ ಅದೇ ವಾರ ಶೆಟ್ಟಿಹಳ್ಳಿಯಲ್ಲಿ ಮೇಸ್ತ್ರಿ ಮೋಲ್ಡಿಗೆ, ಅಂದರೆ ತಾರಸಿಗೆ ಕಾಂಕ್ರೀಟ್ ಸುರಿಯಲು, ದಿನ ಗೊತ್ತು ಮಾಡಿದ.

ಅರ್ಧ ಗೋಪುರ

ಮೊದಲ ದಿನ ಊರಿನ ದೊಡ್ಡ ಚರ್ಚು ನೋಡಿದೆವು. ಎರಡು ಗೋಪುರ ಇರಬೇಕಿತ್ತು, ಒಂದೇ ಇದೆ. ಇನ್ನೊಂದು ಅರ್ಧಕ್ಕೇ ನಿಂತು ಶತಮಾನಗಳಾಗಿವೆ. ಎಲ್ಲರೂ ತಲೆಯೆತ್ತಿ ಸುಮ್ಮನೆ ನೋಡುತ್ತಿದ್ದರು. ಭಾವ ಮೇಸ್ತ್ರಿಯ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಒಂದು ಸುತ್ತು ಹಾಕಿ ಬಂದರು.

"ಯಾಕ್ ಮೇಷ್ಟ್ರೇ ಇಂಗೆ ಬಿಟ್ಟವ್ರೆ?"

"ದುಡ್ಡು ಸಾಲಲಿಲ್ಲವಂತೆ ಭಾವ."

"ಅದೆಲ್ಲ ಸುಳ್ಳು. ಮೇಸ್ತ್ರಿ ಇನ್ನೊಂದ್ ಕಡೆ ಕೆಲ್ಸ ಇಡ್ಕೊಂಡು ಓಗವ್ನೆ." ಆಮೇಲೆ ಫೋನಿಗೆ ಹೇಳಿದರು, "ಏಯ್, ನೀನೂ ಇಂಗೆ ಅರ್ಧಕ್ಕೆ ಬಿಟ್ರೆ ಜನ ಟಿಕೆಟ್ ತಗೊಂಡು ನೋಡೋಕ್ ಬರ್ತಾರೆ. ಬಾಡಿಗೆಗೆ ಯಾವನೂ ಬರಲ್ಲ."

ಅಷ್ಟರಲ್ಲಿ ನಾನು ಕ್ಲಿಕ್ಕಿಸಿದ್ದೆ. ಅಕ್ಕ ಫೋಟೊ ನೋಡಿ ಹೇಳಿದಳು, "ಗೋಪುರನೂ ಒಂದೇ, ಕಿವಿನೂ ಒಂದೇ."

ಬಂದ್

ಎರಡನೇ ದಿನ ಮಧ್ಯಾಹ್ನ ಬೀದಿಯ ಅಂಗಡಿಗಳೆಲ್ಲ ಒಂದೊಂದಾಗಿ ಶಟರ್ ಎಳೆದವು. ಭಾವ ಅಕ್ಕನ ಕೈ ಹಿಡಿದು ಗೋಡೆಯ ಪಕ್ಕಕ್ಕೆ ಎಳೆದರು. "ಯಾರೋ ದೊಡ್ಡವ್ರು ಓಗ್ಬಿಟ್ರು ಅನ್ಸುತ್ತೆ. ಕಲ್ ತೂರೋಕೆ ಮುಂಚೆ ರೂಮ್ ಸೇರ್ಕೊಳಣ."

ಊಟ ಮಾಡಿ ಮಲಗುತ್ತಾರೆ, ದಿನಾ ಹೀಗೇ ಎಂದು ನಾನು ವಿವರಿಸಿದೆ. ನಂಬಲಿಲ್ಲ. ಸಂಜೆ ಶಟರುಗಳು ಮೇಲೆದ್ದ ಮೇಲೆ ನಿಟ್ಟುಸಿರು ಬಿಟ್ಟರು. "ಮಣ್ಣು ಮಾಡಿದ್ರು ಅನ್ಸುತ್ತೆ ಬಿಡು."

ಬೀದಿ ತುಂಬ ಹೇರಳೆಕಾಯಿ

ಆ ಊರಿನ ಬೀದಿಗಳಲ್ಲಿ ಸಾಲಾಗಿ ಕಿತ್ತಳೆ ಮರ. ಹಣ್ಣು ಕಹಿಹುಳಿ, ಯಾರೂ ತಿನ್ನುವುದಿಲ್ಲ, ಬರೀ ನೋಡುವುದಕ್ಕೆ ಎಂದು ನಾವು ಇಳಿದುಕೊಂಡಿದ್ದ ಮನೆಯ ಒಡತಿ ಹೇಳಿದ್ದಳು. ಅಕ್ಕ ನೆಲಕ್ಕೆ ಬಿದ್ದಿದ್ದ ಒಂದನ್ನು ಎತ್ತಿ, ಸಿಪ್ಪೆಯನ್ನು ಉಗುರಿನಲ್ಲಿ ಕೆರೆದು ಮೂಸಿದಳು.

"ಲೋ, ಇದು ನಮ್ಮ ಹೇರಳೆಕಾಯಿ ಥರಾನೇ ಕಣೋ. ಬೀದೀಲಿ ಬಿದ್ದು ಕೊಳೀತಿದೆಯಲ್ಲೋ."

ಆ ದಿನ ಊಟಕ್ಕೆ ಅದರದೇ ಚಿತ್ರಾನ್ನ. ಒಗ್ಗರಣೆಯ ಹೊಗೆಗೆ ಚಾವಣಿಯ ಅಲಾರಂ ಕೂಗಿಕೊಂಡಿತು. ಮೇಲಿನ ಮಹಡಿಯಿಂದ ಒಡತಿ ಓಡಿ ಬಂದಳು. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಅಭ್ಯಾಸ ಅಕ್ಕನಿಗಿಲ್ಲ. ಬೈಯಲು ಬಂದವಳ ಕೈಗೆ ತಟ್ಟೆ ಕೊಟ್ಟಳು. ಒಡತಿ ಕಣ್ಣು ಮೂಗು ಒರೆಸಿಕೊಳ್ಳುತ್ತ ಎರಡನೇ ಸಲ ಬಡಿಸಿಕೊಂಡಳು.

ಮಾರನೇ ದಿನ ಬಾಗಿಲಲ್ಲಿ ಒಂದು ಬಕೆಟ್ ತುಂಬ ಅದೇ ಕಾಯಿ.

"ಜಾಡಿ ಇದೆಯಾ ಕೇಳೋ," ಎಂದಳು ಅಕ್ಕ. "ಉಪ್ಪಿನಕಾಯಿ ಹಾಕಿಟ್ಟೇ ಹೋಗ್ತೀನಿ."

ಹೀಗೆ ನಾನು ರಜೆ ಹಾಕಿ, ವೀಸಾಗೆ ಅಲೆದು, ಎರಡು ವಿಮಾನ ಹತ್ತಿ ಸ್ಪೇನಿಗೆ ಹೋಗಿ ಒಂದು ಇಡೀ ದಿನ ಹೋಳು ಹೆಚ್ಚಿದೆ. ಭಾವನೂ ಹೆಚ್ಚಿದರು, ಒಂದೇ ಕೈಯಲ್ಲಿ.

ಐದು ನಿಮಿಷ

ಕೊನೆಯ ದಿನ. ಫೋಟೊ ಇನ್ನೂ ಆಗಿರಲಿಲ್ಲ. ಊರಲ್ಲಿ ಅಂದೇ ಮೋಲ್ಡು.

ಬೀಚಿಗೆ ಇಳಿದ ಭಾವ ಮೊದಲು ಮಾಡಿದ ಕೆಲಸ, ಒಂದು ಹಿಡಿ ಮರಳು ತೆಗೆದು ಅಂಗೈಯಲ್ಲಿ ತಿಕ್ಕಿ ನೋಡಿದ್ದು. "ಉಪ್ಪು. ಪ್ಲಾಸ್ಟರಿಂಗ್‌ಗೂ ಬರಲ್ಲ," ಎಂದು ಮೆಡಿಟರೇನಿಯನ್ ತೀರವನ್ನು ತಳ್ಳಿಹಾಕಿದರು.

"ರೀ, ಐದು ನಿಮಿಷ," ಎಂದಳು ಅಕ್ಕ. ಅವಳ ದನಿಯಲ್ಲಿ ಏನೋ ಇತ್ತು. ಭಾವ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಇಬ್ಬರೂ ಮೊಣಕಾಲುದ್ದದ ನೀರಿನಲ್ಲಿ ನಿಂತರು. ನಾನು ಮೊಬೈಲ್ ಎತ್ತಿ ಹಿಡಿದೆ.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಭಾವ ಮಾತಿಗೆ ತಪ್ಪಲಿಲ್ಲ. ಡ್ರಿಲ್‌ಗೆ ನಿಂತ ಹುಡುಗನ ಹಾಗೆ ಕೈ ಕೆಳಗೆ ಬಿಟ್ಟು ಮೂರು ರಿಂಗ್ ತಡೆದರು. ನಾಲ್ಕನೆಯದಕ್ಕೆ "ಮೋಲ್ಡು ಕಣೇ" ಎಂದು ಜೇಬಿನಿಂದ ಫೋನ್ ತೆಗೆದರು. ಹಿಂದಿನಿಂದ ಅಲೆ ಬಂತು. ಭಾವ ಮುಗ್ಗರಿಸಿದರು, ಫೋನ್ ನೀರಿಗೆ ಹೋಯಿತು. ಇಬ್ಬರೂ ಬಗ್ಗಿದರು. ಆ ಕ್ಷಣಕ್ಕೇ ನನ್ನ ಬೆರಳು ಒತ್ತಿತ್ತು.

ಫೋನ್ ಸಿಗಲಿಲ್ಲ. ಅಕ್ಕ ನಕ್ಕು ನಕ್ಕು ನೀರಿನಲ್ಲೇ ಕೂತುಬಿಟ್ಟಳು. ಎರಡು ಗಂಟೆ ಬಿಟ್ಟು ಮೇಸ್ತ್ರಿ ನನ್ನ ನಂಬರಿಗೆ ಫೋನ್ ಮಾಡಿದ. "ಸಾರ್, ಅಣ್ಣಂಗೆ ಹೇಳ್ಬಿಡಿ, ಮೋಲ್ಡು ಮುಗೀತು. ಫೋನ್ ಎತ್ಲಿಲ್ವಲ್ಲ, ಅದಕ್ಕೇ ಬೇಗ ಆಯ್ತು."

ಆ ಫೋಟೊ ಈಗ ಶೆಟ್ಟಿಹಳ್ಳಿಯ ಮನೆಯ ಹಾಲಿನಲ್ಲಿದೆ, ದೊಡ್ಡ ಫ್ರೇಮಿನಲ್ಲಿ. ಭಾವ ತಲೆ ಬಾಗಿಸಿ, ಕಣ್ಣು ಕೆಳಗೆ ಮಾಡಿ, ಎರಡೂ ಕೈ ಸೇರಿಸಿ ಬೊಗಸೆಯಲ್ಲಿ ನೀರೆತ್ತುತ್ತಿದ್ದಾರೆ. ಪಕ್ಕದಲ್ಲಿ ಅಕ್ಕ ಬಗ್ಗಿದ್ದಾಳೆ. ಎಡಗಿವಿ ಸ್ಪಷ್ಟವಾಗಿ ಕಾಣುತ್ತದೆ.

ಮೊನ್ನೆ ಮನೆಗೆ ಬಂದ ಪುರೋಹಿತರು ಅದರ ಮುಂದೆ ನಿಂತು ಕೈಮುಗಿದರು. "ಪರದೇಶಕ್ಕೆ ಹೋದರೂ ಯಜಮಾನರು ಸಮುದ್ರರಾಜನಿಗೆ ಅರ್ಘ್ಯ ಬಿಡೋದು ಮರೆತಿಲ್ಲ ನೋಡಿ. ಏನಾದರೂ ಹರಕೆ ಇತ್ತೇನಮ್ಮ?"

ಭಾವ ಹೊಸ ಫೋನನ್ನು ಕಿವಿಯಿಂದ ತೆಗೆದು ಏನೋ ಹೇಳಲು ಬಾಯಿ ತೆರೆದರು. ಅಕ್ಕ ಬಿಡಲಿಲ್ಲ.

"ನಂದೇ ಹರಕೆ ಸ್ವಾಮಿ. ಇವರ ಕೈಲಿ ತೀರಿಸಿದೆ."